ಶಿರಾದಲ್ಲಿ ನಾಲ್ಕು ದಿನ ಆರಾಮಾಗಿ

ನಾವು ಮಧುಗಿರಿ ಬಿಟ್ಟದ್ದು ಧನುರ್ಮಾಸದ ಒಂದು ಬೆಳಗ್ಗೆ, ಪುರವರದ ಕೆಂಪಯ್ಯನ ಜೋಡೆತ್ತಿನ ಬಂಡಿಯಲ್ಲಿ. ಬಂಡಿಯೊಳಗೆ ನಾನು, ನಮ್ಮ ಯಜಮಾನರು, ಐದು ವರ್ಷದ ಮಗಳು ಗೌರಿ, ಎರಡು ತುಂಬಿದ ಪುಟ್ಟ, ಒಂದು ಟ್ರಂಕು, ಎರಡು ದಿನಕ್ಕಾಗುವ ಬುತ್ತಿ, ಜೊತೆಗೆ ಒಂದು ಕಾಗದ. ಹೋಗಿ ಬರುವುದಕ್ಕೆ ಬಂಡಿಗೆ ಮೂರು ರೂಪಾಯಿ, ಎತ್ತಿನ ಮೇವು ನಮ್ಮದು ಎಂದು ಮಾತಾಗಿತ್ತು.

ಆ ಕಾಗದದ ವಿಷಯ ಮೊದಲು ಹೇಳಿಬಿಡುತ್ತೇನೆ. ಇವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬರೆದಿಡದೆ ಸ್ನಾನಕ್ಕೂ ಹೋಗದ ಜಾತಿ. ಮದುವೆಯಾದ ಮೇಲೆ ನಾವು ಊರು ಬಿಟ್ಟು ಹೋದದ್ದೆಲ್ಲ ಮದುವೆಗೆ, ತಿಥಿಗೆ, ಬಾಣಂತನಕ್ಕೆ. ಈ ಸಲ ಯಾವ ಕಾರಣವೂ ಇಲ್ಲದೆ, ಬರೀ ಆರಾಮಿಗೆಂದು, ಶಿರಾ ಪೇಟೆಯಲ್ಲಿರುವ ನನ್ನ ಚಿಕ್ಕಮ್ಮನ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಇರುವುದೆಂದು ಇವರೇ ಯೋಚನೆ ಮಾಡಿ ಬರೆದಿದ್ದರು. ಮೊದಲ ದಿನ ವಿಶ್ರಾಂತಿ. ಎರಡನೆಯ ದಿನ ಮಕ್ಕಳು ತಾವಾಗಿ ಎದ್ದ ಮೇಲೆ ಕೋಟೆ. ಮೂರನೆಯ ದಿನ ಪೇಟೆಯಲ್ಲಿ ಗೌರಿಗೆ ಬಳೆ, ನನಗೊಂದು ಕಂಬಳಿ. ನಾಲ್ಕನೆಯ ದಿನ ಮನಸ್ಸಾದರೆ ಕೆರೆ ಏರಿ, ಇಲ್ಲದಿದ್ದರೆ ಏನೂ ಇಲ್ಲ. ಕೆಳಗೆ ಎರಡು ಗೆರೆ ಎಳೆದು, ‘ಯಾರೂ ಅವಸರ ಮಾಡಕೂಡದು’ ಎಂದಿತ್ತು. ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಹದಿನೈದು ದಿನ ಮೊದಲೇ ಚಿಕ್ಕಮ್ಮನಿಗೆ ಕಾರ್ಡು ಹಾಕಿದ್ದೆವು. ಉತ್ತರ ಬರಲಿಲ್ಲ. ಬರಬೇಡಿ ಅನ್ನುವುದಾದರೆ ತಾನೆ ಬರೆಯಬೇಕು, ಬನ್ನಿ ಅನ್ನುವುದಕ್ಕೆ ಕಾರ್ಡು ಯಾಕೆ ಖರ್ಚು ಮಾಡುತ್ತಾರೆ ಎಂದರು ಇವರು. ನನಗೂ ಸರಿಯೆನಿಸಿತು.

ದಾರಿ ಇಪ್ಪತ್ತು ಮೈಲಿಯ ಮೇಲೆ. ಮೊದಲ ದಿನ ಬಡವನಹಳ್ಳಿ ದಾಟಿ ಒಂದು ಹೊಲದ ಮಂಟಪದಲ್ಲಿ ತಂಗಿದೆವು. ಚಳಿ ಮೂಳೆಗೆ ಇಳಿಯುತ್ತಿತ್ತು, ಆದರೆ ಮಕ್ಕಳಿಗೆ ಹಬ್ಬ. ಮರುದಿನ ಬಿಸಿಲೇರಿದ ಮೇಲೆ ಎದುರಿಗೆ ಮೂರು ಬಂಡಿ ಬಂದವು. ಮೇಲೆ ಚಾಪೆ, ಮಡಕೆ, ಒರಳುಕಲ್ಲು, ಆಡು, ಎಲ್ಲದರ ಮೇಲೆ ಒಬ್ಬಳು ಮುದುಕಿ. ನಿಲ್ಲಿಸದೆ ಹೋದರು.

“ಮದ್ವೆ ದಿಬ್ಣ ಇರ್ಬೇಕು ಕಣಮ್ಮ” ಎಂದ ಕೆಂಪಯ್ಯ.

ಧನುರ್ಮಾಸದಲ್ಲಿ ಎಂಥ ಮದುವೆ, ದಿಬ್ಬಣಕ್ಕೆ ಒರಳುಕಲ್ಲು ಯಾಕೆ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬೇಡವೆ? ಕೇಳಲಿಲ್ಲ. ಪುಟ್ಟ ಆಡಿಗೆ ಕೈ ಬೀಸಿದ.

ಮಧ್ಯಾಹ್ನದ ಹೊತ್ತಿಗೆ ಶಿರಾ ಸೇರಿದೆವು. ಕೆಂಪಯ್ಯ ಕೆರೆಯ ಹತ್ತಿರವೇ ಎತ್ತು ಬಿಚ್ಚಿದ. ಟ್ರಂಕನ್ನು ಬಂಡಿಯಲ್ಲೇ ಬಿಟ್ಟು, ಬುತ್ತಿ ಹಿಡಿದುಕೊಂಡು ನಾವು ಹಿಂದಿನ ಓಣಿಯಿಂದ ಚಿಕ್ಕಮ್ಮನ ಬೀದಿಗೆ ನಡೆದೆವು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಎರಡೂ ಕಡೆ ಮನೆಗಳಿಗೆ ಬೀಗ. ಬಾಗಿಲಿನ ಮೇಲೆ ಸುಣ್ಣದ ಗುರುತು, ಹೊಸ್ತಿಲಿಗೆ ಅಡ್ಡ ಜಾಲಿ ಮುಳ್ಳು. ಇವರು ನಿಂತುಬಿಟ್ಟರು.

“ಏನೇ ಇದು?”

ನಾನು ನಕ್ಕೆ. ಈಗಲೂ ಆ ನಗು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ನನ್ನ ತವರು ಪಾವಗಡದ ಕಡೆ. ಅಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ದಿನ ಹೊರಬೀಡು ಮಾಡುತ್ತಾರೆ. ಬೆಳಗ್ಗೆಯೇ ಒಲೆ ಆರಿಸಿ, ಬಾಗಿಲಿಗೆ ಸುಣ್ಣದ ಗುರುತಿಟ್ಟು, ಮುಳ್ಳು ಎಳೆದು, ಊರಿಗೆ ಊರೇ ಹೊಲಕ್ಕೆ ಹೋಗಿ ಅಡಿಗೆ ಮಾಡಿ ಉಣ್ಣುತ್ತದೆ. ಅವತ್ತು ಊರು ದೇವತೆಗೆ. ಹೊತ್ತು ಮುಳುಗಿದ ಮೇಲೆ ಮತ್ತೆ ಮನೆ. ಚಿಕ್ಕಂದಿನಲ್ಲಿ ನನಗೆ ದೀಪಾವಳಿಗಿಂತ ಆ ದಿನ ಹೆಚ್ಚು. ಆ ಗುರುತು, ಆ ಮುಳ್ಳು, ಆ ಸದ್ದಿಲ್ಲದ ಬೀದಿ ನೋಡಿದ್ದೇ ತಡ, ತವರಿಗೇ ಬಂದ ಹಾಗಾಯಿತು.

“ಹೊರಬೀಡು ಕಣ್ರೀ. ನಿಮಗೆ ಮಧುಗಿರಿಯವರಿಗೆ ಏನು ಗೊತ್ತು? ಸಂಜೆಗೆ ಎಲ್ಲ ಬರ್ತಾರೆ.”

“ಪೇಟೆಯಲ್ಲೂ ಮಾಡ್ತಾರೇನೇ?”

“ದೇವತೆಗೆ ಪೇಟೆ ಬೇರೆ, ಹಳ್ಳಿ ಬೇರೆಯೆ?” ಎಂದೆ. ಎಷ್ಟು ಧಿಮಾಕು!

ಚಿಕ್ಕಮ್ಮ ಬೀಗದ ಕೈ ಇಡುವುದು ಬಾಗಿಲ ಮೇಲಿನ ಗೂಡಿನಲ್ಲಿ. ಮುಳ್ಳನ್ನು ನನ್ನ ಕೈಯಾರೆ ಸರಿಸಿ, ಬೀಗ ತೆಗೆದು ಒಳಗೆ ಹೋದೆವು. ಹೊರಬೀಡಿನ ದಿನ ಒಳಗೆ ಹೋಗಬಾರದಲ್ಲ ಎಂದರು ಇವರು. ನಾವು ಈ ಊರಿನವರಲ್ಲ, ನಮಗೆ ತಟ್ಟುವುದಿಲ್ಲ ಎಂದೆ. ಬುತ್ತಿ ಬಿಚ್ಚಿ ಮೊಸರನ್ನ ಉಂಡೆವು. ಇವರು ಕಾಗದ ತೆಗೆದು, ಮೊದಲ ದಿನ ಸರಿಯಾಗಿ ನಡೆಯುತ್ತಿದೆ ಎಂದು ಹೇಳಿ ಚಾಪೆ ಹಾಸಿ ಮಲಗಿದರು. ಪುಟ್ಟನೂ ಮಲಗಿದ. ಅಷ್ಟು ಸುಖವಾದ ಮಧ್ಯಾಹ್ನ ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ.

ಗೌರಿ ಹಿತ್ತಲ ಕೋಣೆಯಿಂದ ಬಂದಳು. ಮಡಿಲಲ್ಲಿ ಏನೋ ಬಟ್ಟೆ ಸುತ್ತಿಕೊಂಡಿದ್ದಳು, ತಟ್ಟುತ್ತಿದ್ದಳು.

“ಅಮ್ಮಾ, ಎಷ್ಟೊತ್ತಿಂದ ಎಬ್ಬಿಸ್ತಾ ಇದೀನಿ. ಇದು ಏಳ್ತಾನೇ ಇಲ್ಲ.”

ಬಟ್ಟೆ ಬಿಡಿಸಿದಳು. ಇಲಿ. ಬಾಲ ಕೆಳಗೆ ಜೋತಿತ್ತು, ಬಾಯಲ್ಲಿ ರಕ್ತ ಒಣಗಿತ್ತು. ಥೂ ಎಂದು ಕಿತ್ತು ಅಂಗಳಕ್ಕೆ ಎಸೆದೆ. ಆಗಲೂ ನನಗೆ ಹೊಳೆಯಲಿಲ್ಲ, ಗಲೀಜು ಮುಟ್ಟಿದಳೆಂದು ಬೆನ್ನಿಗೊಂದು ಕೊಟ್ಟೆ. ಇವರು ಎದ್ದು ಕೂತಿದ್ದರು.

“ಇಲಿ ಬಿದ್ದಿದೆ” ಎಂದರು. “ಲೇ, ಇದು ಹೊರಬೀಡಲ್ಲ ಕಣೇ. ಪ್ಲೇಗು.”

ಅಮ್ಮೋ! ಗೌರಿಯ ಕೈ ನೋಡಿದೆ. ಆ ಕೈಯಲ್ಲೇ ಅವಳು ಕಣ್ಣೊರೆಸಿಕೊಂಡು ಅಳುತ್ತಿದ್ದಳು.

ಅವಳ ಅಳು ಕೇಳಿಯೇ ಇರಬೇಕು, ಹೊರಗಿನಿಂದ ಒಂದು ದನಿ ಕೂಗಿತು. ಎದುರು ಸಾಲಿನಲ್ಲಿ ಕಂಬಳಿ ಮಾರುವ ಸಾಹೇಬರು. ಕಳ್ಳರ ಭಯಕ್ಕೆ ಹಗಲು ಹೊತ್ತು ಬೀದಿ ನೋಡಿಕೊಂಡು ಹೋಗಲು ಬರುತ್ತಿದ್ದರಂತೆ. ಹತ್ತು ಮಾರು ದೂರ ನಿಂತು ಬಾಯಿಗೆ ಬಟ್ಟೆ ಹಿಡಿದಿದ್ದರು.

“ಯಾರ್ರೀ ಅದು ಒಳ್ಗೆ? ಯಾ ಅಲ್ಲಾ, ಮಕ್ಳನ್ನೂ ಕಟ್ಕೊಂಡು ಕುಂತವ್ರಲ್ಲಾ! ಜಲ್ದಿ ಹೊರಕ್ ಬನ್ನಿ. ಏನೂ ತಗೋಬ್ಯಾಡಿ, ಎಲ್ಲಾ ಅಲ್ಲೇ ಬುಡಿ. ಊರು ಬುಟ್ಟು ಐದು ದಿವ್ಸ ಆತು. ಈ ಬೀದೀಲೇ ಮೂರು ಹೆಣ ಎದ್ದವೆ.”

“ಹೊರಬೀಡು ಅಂದ್ಕೊಂಡೆ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು.

ಕೆಂಪಯ್ಯನಿಗೆ ಹತ್ತಿರ ಬರಬೇಡವೆಂದು ದೂರದಿಂದಲೇ ಕೂಗಿ ಹೇಳಿ, ಟ್ರಂಕು ಇಳಿಸಿಡಿಸಿ, ಮಧುಗಿರಿಗೆ ಸುದ್ದಿ ತಿಳಿಸಲು ಕಳಿಸಿದೆವು. ಸಾಹೇಬರು ಮುಂದೆ, ನಾವು ಹಿಂದೆ, ಅಷ್ಟೇ ಅಂತರದಲ್ಲಿ ಒಂದು ಮೈಲಿ ನಡೆದೆವು. ಹೊಲದ ತುಂಬ ಸೋಗೆಯ, ಚಾಪೆಯ ಗುಡಿಸಲುಗಳು. ನಾಲ್ಕು ದಿನ ಪೇಟೆ ನೋಡಲು ಬಂದ ನಮ್ಮೆದುರಿಗೆ ಇಡೀ ಪೇಟೆ ಹೊಲದಲ್ಲಿ ಕೂತಿತ್ತು. ಚಿಕ್ಕಮ್ಮ ನಮ್ಮನ್ನು ಕಂಡು ಓಡಿ ಬಂದಳು. ಸಾಹೇಬರು ಒಂದು ಮಾತು ಹೇಳಿದರು, ಅವಳು ಅಲ್ಲೇ ನಿಂತಳು.

“ಮನೆ ಒಳೀಕ್ ಹೋಗಿದ್ರಾ? ಅಯ್ಯೋ, ಎಂಥಾ ಕೆಲ್ಸ ಮಾಡ್ಬುಟ್ಟೆ ಕಣೇ!”

ಹಿರಿಯರು ಕೂಡಿ ಹೇಳಿದ ಕಟ್ಟಳೆ ಇಷ್ಟು: ಬಿಟ್ಟ ಮನೆಗೆ ಹೊಕ್ಕವರು ಹತ್ತು ದಿನ ಯಾರನ್ನೂ ಸೇರಕೂಡದು. ಹೊಂಗೆ ಮರದ ಕೆಳಗೆ ನಮಗೆ ಬೇರೆ ಗುಡಿಸಲು ಎದ್ದಿತು. ಉಟ್ಟ ಬಟ್ಟೆ ಕುದಿಸಿದರು. ಚಿಕ್ಕಮ್ಮ ಎರಡು ಹೊತ್ತು ರಾಗಿಮುದ್ದೆ, ಹುರುಳಿ ಸಾರು ತಂದು ದೂರದ ಒಂದು ಬಂಡೆಯ ಮೇಲಿಟ್ಟು ಹೋಗುತ್ತಿದ್ದಳು. ದಿನಾ ಬೆಳಗ್ಗೆ ಸರ್ಕಾರದ ಡಾಕ್ಟರು ಬಂದು ಕೈ ಎತ್ತಿಸಿ ಕಂಕುಳು ಮುಟ್ಟಿ, ತೊಡೆ ಸಂದು ಮುಟ್ಟಿ ನೋಡುತ್ತಿದ್ದರು. ಗಂಟು ಎದ್ದರೆ ಮುಗಿಯಿತು, ಇನ್ನೆರಡು ಮೂರು ದಿನ ಎಂದು ಎಲ್ಲರಿಗೂ ಗೊತ್ತಿತ್ತು.

“ಬೈಯಿರಿ ನನ್ನ” ಎಂದೆ ಇವರಿಗೆ. “ಹೊರಬೀಡು ಅಂದವಳು ನಾನು.”

“ನಂಬಿದವನು ನಾನಲ್ಲವೆ?” ಎಂದು ಇವರು ಆಚೆ ತಿರುಗಿದರು. ಬೈದಿದ್ದರೆ ವಾಸಿಯಿತ್ತು.

ನಾಲ್ಕನೆಯ ದಿನ ಗೌರಿಗೆ ಜ್ವರ ಬಂತು. ಮೈ ಕೆಂಡ. ಡಾಕ್ಟರು ಕಂಕುಳಲ್ಲಿ ಬಹಳ ಹೊತ್ತು ಬೆರಳಾಡಿಸಿ, “ಈಗೇನೂ ಇಲ್ಲ” ಎಂದರು. ಆ ‘ಈಗ’ ಎಂಬ ಮಾತಿಗೆ ನನ್ನ ಜೀವ ಬಾಯಿಗೆ ಬಂತು. ಬಂಡೆಯ ಹತ್ತಿರ ನಿಂತಿದ್ದ ಚಿಕ್ಕಮ್ಮ ತಡೆಯಲಾರದೆ, “ನಾನ್ ಬತ್ತೀನಿ ಬುಡೇ, ಆಗಿದ್ದಾಗ್ಲಿ” ಎಂದು ಹೆಜ್ಜೆ ಇಟ್ಟಳು. ಅವಳ ಗುಡಿಸಲಲ್ಲಿ ಇಬ್ಬರು ಮೊಮ್ಮಕ್ಕಳಿದ್ದರು. “ಬಂದರೆ ನನ್ನಾಣೆ” ಎಂದು ಕಿರುಚಿದೆ. ಅವಳು ಬಂಡೆಯ ಪಕ್ಕದಲ್ಲೇ ಕುಸಿದು ಕೂತಳು.

ಪುಟ್ಟನನ್ನು ಇವರು ಆಚೆ ಮೂಲೆಯಲ್ಲಿ ಇಟ್ಟುಕೊಂಡರು. ನಾನು ಮಗಳ ಪಕ್ಕ ಬಿಟ್ಟು ಕದಲಲಿಲ್ಲ. ಗಳಿಗೆಗೊಮ್ಮೆ ‘ಕೈ ಎತ್ತು ಗೌರಿ’ ಎನ್ನುವುದು, ಮುಟ್ಟಿ ನೋಡುವುದು, ಇಲ್ಲವೆಂದು ಉಸಿರು ಬಿಡುವುದು, ಉಸಿರು ಪೂರಾ ಬಿಡುವ ಮೊದಲೇ ಸರಿಯಾಗಿ ಮುಟ್ಟಿದೆನೋ ಇಲ್ಲವೋ ಎಂದು ಮತ್ತೆ ‘ಕೈ ಎತ್ತು’. ನಿದ್ದೆಯಲ್ಲೂ ಅವಳು ನನ್ನ ದನಿ ಕೇಳಿದರೆ ಕೈ ಎತ್ತುತ್ತಿದ್ದಳು. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ನೆನಪಿಲ್ಲ. ನನಗೆ ಗಂಟು ಬರಲಿ, ಅವಳಿಗೆ ಬೇಡ ಎಂದದ್ದು ಮಾತ್ರ ನೆನಪಿದೆ.

ಮೂರು ದಿನ ಕಾದು ಜ್ವರ ಬಿಟ್ಟಿತು. ನೀರಿಗೆ ಬಂದದ್ದೋ, ಚಳಿಗೆ ಬಂದದ್ದೋ, ಡಾಕ್ಟರಿಗೂ ತಿಳಿಯಲಿಲ್ಲ. ಹತ್ತು ದಿನ ತುಂಬಿದ ಬೆಳಗ್ಗೆ ಅವರು ನಾಲ್ವರನ್ನೂ ಮುಟ್ಟಿ ನೋಡಿ, “ಇನ್ನು ಹೋಗಬಹುದಮ್ಮ” ಎಂದರು. ಇವರು ನೆಲಕ್ಕೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಕೆಂಪಯ್ಯ ಬಂಡಿ ಹೂಡಿಕೊಂಡು ಬಂದಿದ್ದ.

ಗುಡಿಸಲಿನ ಜನ ಬಂಡೆಯವರೆಗೂ ಬಂದಿದ್ದರು. ಚಿಕ್ಕಮ್ಮ ಬಂಡೆ ದಾಟಿ ಬಂದು, ಮಂಡಿಯೂರಿ, ಎರಡು ತೋಳೂ ಚಾಚಿದಳು.

“ಬಾರೇ ನನ್ ಬಂಗಾರ. ಹತ್ತು ದಿವ್ಸದಿಂದ ನಿನ್ನ ಮುಟ್ಟಕ್ಕೂ ಆಗ್ಲಿಲ್ವಲ್ಲೇ.”

ಗೌರಿ ಓಡಿದಳು. ಎರಡು ಮಾರು ಇದೆ ಅನ್ನುವಾಗ ನಿಂತಳು. ನಿಂತು, ಎರಡೂ ಕೈ ತಲೆಯ ಮೇಲಕ್ಕೆತ್ತಿ, ಕಂಕುಳು ತೋರಿಸಿದಳು.

“ಮೊದ್ಲು ನೋಡು ಚಿಕ್ಕಜ್ಜಿ.”

“ಬ್ಯಾಡ ಕಣಮ್ಮ, ಇಳ್ಸು ಕೈಯ” ಎಂದಳು ಚಿಕ್ಕಮ್ಮ. ಇಳಿಸು ಎಂದು ನಾನೂ ಹೇಳಿದೆ, ಇವರೂ ಹೇಳಿದರು. ಅವಳು ಇಳಿಸಲಿಲ್ಲ. ಕೊನೆಗೆ ಚಿಕ್ಕಮ್ಮ ಮಂಡಿಯಲ್ಲೇ ಮುಂದೆ ಸರಿದು, ಬೆರಳಿನಿಂದ ಒಂದು ಕಂಕುಳು ಮುಟ್ಟಿದಳು, ಇನ್ನೊಂದು ಮುಟ್ಟಿದಳು. “ಇಲ್ಲ ಕಣವ್ವ, ಏನೂ ಇಲ್ಲ” ಎಂದಳು. ಆಮೇಲೆ ಗೌರಿ ಕೈ ಇಳಿಸಿದಳು.