ವಿಮಾನದ ಮುಂದಿನ ಸಾಲಿನಲ್ಲಿ ಅವ್ವ

ಬೆಳಗಿನ ಜಾವ ಕಾರು ಚಾಲೂ ಆಗದೆ ಇರಬಹುದಿತ್ತು. ಚಾಲೂ ಆದರೂ ಡ್ರೈವರ್ ಹಿಂದಿನ ದಿನ ಯಾವುದೋ ಮದುವೆ ಮುಗಿಸಿ ಬಂದು ನಿದ್ದೆಗಣ್ಣಿನಲ್ಲಿರಬಹುದಿತ್ತು. ಹೊರಡುವ ಹೊತ್ತಿಗೆ ಸರಿಯಾಗಿ ಯಾರಾದರೂ ಎದುರು ಬಂದು "ಎಲ್ಲಿಗೆ ಹೊಂಟೀರಿ?" ಎಂದು ಕೇಳಿಬಿಡಬಹುದಿತ್ತು, ಹಾಗೆ ಕೇಳಿದರೆ ಅವ್ವ ವಾಪಸು ಒಳಗೆ ಹೋಗಿ, ನೀರು ಕುಡಿದು, ಕೂತು ಎದ್ದೇ ಹೊರಡುವವಳು. ಹುಬ್ಬಳ್ಳಿಯ ರೈಲ್ವೆ ಗೇಟು ಹಾಕಿರಬಹುದಿತ್ತು. ಘಾಟಿನ ತಿರುವುಗಳಲ್ಲಿ ಅವ್ವನಿಗೆ ವಾಂತಿಯಾಗಬಹುದಿತ್ತು. ಅವಳಿಗೆ ಸೀನು ಬರಬಹುದಿತ್ತು. ವಿಮಾನ ನಿಲ್ದಾಣದಲ್ಲಿ ಟಿಕೆಟ್ ನೋಡುವವನು ನಮ್ಮನ್ನೂ ನೋಡಿ, ಇವರು ಈ ಟಿಕೆಟ್ಟಿನವರಲ್ಲ ಎಂದುಬಿಡಬಹುದಿತ್ತು. ವಿಮಾನ ಬರದೆ ಇರಬಹುದಿತ್ತು. ಬಂದ ವಿಮಾನ ಬೀಳಬಹುದಿತ್ತು. ಇದನ್ನು ನಾನು ಒಂಬತ್ತನೆಯದಾಗಿ ಬರೆದುಕೊಂಡಿದ್ದೆ. ವಿಮಾನವೇ ಬಿದ್ದ ಮೇಲೆ ಅವ್ವನ ಕಣ್ಣಿನ ಪ್ರಶ್ನೆ ಉಳಿಯುವುದಿಲ್ಲ, ಹಾಗಾಗಿ ಅದು ಅಷ್ಟು ಮುಖ್ಯವಾದ ಚಿಂತೆಯಾಗಿರಲಿಲ್ಲ. ಹತ್ತನೆಯದು, ಮುಂಬಯಿಯಲ್ಲಿ ತಂಗಿ ನಮ್ಮನ್ನು ಕರೆದೊಯ್ಯಲು ಬರದೆ ಇರುವುದು. ಹನ್ನೊಂದನೆಯದು, ಡಾಕ್ಟರೇ ಊರಲ್ಲಿರದಿರುವುದು.

ಪಟ್ಟಿಯನ್ನು ಹೈಸ್ಕೂಲಿನ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಗೆ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದೆ. ಆಗ ನಾನು ಕುಂದಗೋಳದಲ್ಲಿ ಒಂದು ಹೈಸ್ಕೂಲಿನ ಹೆಡ್ ಕ್ಲಾರ್ಕ್. ನಲವತ್ತೈದು ದಾಟಿತ್ತು. ಮುಂದೆ ಆಗುವ ಕೆಟ್ಟದ್ದನ್ನು ಮೊದಲೇ ಬರೆದಿಟ್ಟರೆ ಅದು ನಾಚಿಕೊಂಡು ಬರುವುದಿಲ್ಲ ಎಂಬುದು ನನ್ನ ನಂಬಿಕೆ. ಇದಕ್ಕೆ ಆಧಾರವಿಲ್ಲ, ಆದರೆ ಆಧಾರವಿಲ್ಲದ ನಂಬಿಕೆಗಳೇ ನನಗೆ ಹೆಚ್ಚು ಕಾಲ ಉಳಿದಿವೆ.

ಸಂಗತಿ ಹೀಗಿತ್ತು. ಅವ್ವನ ಎಡಗಣ್ಣು ಅವಳು ಹುಡುಗಿಯಾಗಿದ್ದಾಗಲೇ ಹತ್ತಿಕಟ್ಟಿಗೆ ಚುಚ್ಚಿ ಹೋಗಿತ್ತು. ಉಳಿದದ್ದು ಬಲಗಣ್ಣೊಂದೇ. ಅದರಲ್ಲೇ ಅವಳು ಮದುವೆಯಾಗಿ ಕುಬಿಹಾಳಕ್ಕೆ ಬಂದಳು, ಮೆಣಸಿನಕಾಯಿ ಆರಿಸಿದಳು, ನಮ್ಮನ್ನೆಲ್ಲ ದಿಟ್ಟಿಸಿ ಹೆದರಿಸಿದಳು. ಒಂದು ಸೋಮವಾರ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಮ್ಯಾಲಿಂದ ಕರೇ ಪರದೆ ಇಳ್ಯಾಕತ್ತೈತಿ ನೋಡಪಾ," ಎಂದಳು. ಮಳೆ ಬರುವ ಹಾಗಿದೆ ಎನ್ನುವ ಧಾಟಿ.

ಹುಬ್ಬಳ್ಳಿಯ ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿ, ಒಳಗಿನ ಪದರ ಬಿಚ್ಚುತ್ತಿದೆ ಎಂದರು. ಗೋಡೆಯ ಸುಣ್ಣ ಹಕ್ಕಳೆ ಏಳುತ್ತದಲ್ಲ, ಹಾಗೆ. ನಾಲ್ಕು ದಿನದೊಳಗೆ ಮುಂಬಯಿ ಮುಟ್ಟಬೇಕು. ರೈಲಿನಲ್ಲಿ ಒಂದು ದಿನವಿಡೀ ಕುಲುಕಾಡಿ ಹೋಗುವಂತಿಲ್ಲ. ಮಲಗಬಾರದು, ನೆಟ್ಟಗೆ ಕೂತಿರಬೇಕು. ಮುಖ್ಯವಾಗಿ ತಲೆ ಅಲುಗಾಡಬಾರದು.

ಬೆಳಗಾವಿಯಿಂದ ಆ ವಾರ ವಿಮಾನವಿರಲಿಲ್ಲ. ಗೋವಾದಿಂದ ಇತ್ತು. ಮುಂಬಯಿಯ ತಂಗಿಯ ಗಂಡ ಅಲ್ಲಿಂದಲೇ ಟಿಕೆಟ್ಟಿನ ವ್ಯವಸ್ಥೆ ಮಾಡಿ ಶಾಲೆಗೆ ಫೋನು ಹಚ್ಚಿದ. "ಸಾದಾ ಸೀಟು ಒಂದೂ ಉಳದಿಲ್ರಿ. ಮುಂದಿಂದು ಸಿಕ್ಕಾವು. ಬಿಸಿನೆಸ್ ಕ್ಲಾಸ್."

"ನಮ್ಮದು ಬಿಸಿನೆಸ್ ಏನೂ ಇಲ್ಲಲ್ಲಪಾ," ಎಂದೆ.

"ಇಲ್ಲದಿದ್ರೂ ಕುಂದರಸ್ತಾರ ಬರ್ರಿ," ಎಂದ.

ಕಾರಿನ ಡ್ರೈವರ್ ಕಲಘಟಗಿ ಕಡೆಯವನು, ತಂಬೂರು ಎಂಬ ಊರಿನವನು. ಕಣ್ಣಿನ ವಿಷಯ, ತಲೆಯ ವಿಷಯ ನಾನು ಎರಡೆರಡು ಸಲ ಹೇಳಿದಾಗ ಅವನು, "ಸರ್ರ, ನಾ ಮದವಿ ಕಾರ್ ಹೊಡ್ಯಾಂವ. ಮದುಮಗಳ ಬಾಸಿಂಗ ಅಳಗಾಡದಂಗ ಹತ್ತ ಊರಿಗೆ ಮುಟ್ಟಿಸೀನಿ. ನೀವು ಬಾಜುಕ ಕುಂತು ಉಸುರು ಬಿಡಬ್ಯಾಡ್ರಿ, ಅಷ್ಟ ಸಾಕು," ಎಂದ. ಹೇಳಿದಂತೆಯೇ ನಡೆಸಿದ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ರೈಲ್ವೆ ಗೇಟು ತೆರೆದಿತ್ತು. ಘಾಟಿನಲ್ಲಿ ಅವ್ವ ಎರಡು ದಿಂಬುಗಳ ನಡುವೆ ದೇವರ ಮನೆಯ ಕಲಶದ ಹಾಗೆ ಕೂತಿದ್ದಳು. ವಾಂತಿ ಮಾಡಿದವನು ನಾನು.

ವಿಮಾನ ನಿಲ್ದಾಣದಲ್ಲಿ ಟಿಕೆಟ್ ನೋಡಿದವನು ನಮ್ಮನ್ನೂ ನೋಡಿದ. ಆದರೆ ಏನೂ ಅನ್ನದೆ ಮುಂದಕ್ಕೆ ಕೈ ತೋರಿಸಿದ. ರೊಟ್ಟಿ ಬುತ್ತಿಯನ್ನು ನಾನು ಹೊಟ್ಟೆಯಲ್ಲಿ ಹಾಕುವ ದೊಡ್ಡ ಚೀಲದೊಳಗೆ ಸೇರಿಸಿ ಕಳಿಸಿದ್ದೆ. ವಿಮಾನದ ಹೊಟ್ಟೆ, ನಮ್ಮದಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಬಳ್ಳೊಳ್ಳಿ ಖಾರ. ಅದನ್ನು ಮುಂದಿನ ಸಾಲಿನಲ್ಲಿ ಬಿಚ್ಚಿದರೆ ಅಲ್ಲಿ ಕೂರುವ ಕೋಟು ತೊಟ್ಟವರು ಮೂಗು ಮುಚ್ಚಿಕೊಂಡಾರು ಎಂಬ ಹನ್ನೆರಡನೆಯ ಚಿಂತೆ ಅಲ್ಲೇ ಹುಟ್ಟಿತ್ತು. ಅವ್ವ ಬೆಳಿಗ್ಗೆ ಐದಕ್ಕೆ ಅರ್ಧ ರೊಟ್ಟಿ ತಿಂದಿದ್ದಳು. ಈಗ ಹನ್ನೆರಡು ದಾಟಿತ್ತು.

ಮುಂದಿನ ಸೀಟುಗಳು ನಿಜಕ್ಕೂ ಅಗಲವಾಗಿದ್ದವು. ಅವ್ವ ಕೈಯಾಡಿಸಿ ನೋಡಿ, ಚಪ್ಪಲಿ ಕೆಳಗೆ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು. "ಇದು ಕುರ್ಚಿ ಅಲ್ಲಲೇ, ನಮ್ಮ ಅಗಸಿ ಕಟ್ಟಿ," ಎಂದಳು. ಕಾಲಡಿಯ ಹಾಸನ್ನು ಬೆರಳಿನಿಂದ ಮುಟ್ಟಿ, "ನವಲಗುಂದದ ಜಮಖಾನಿ ಇದಕ್ಕಿಂತ ಗಟ್ಟಿ," ಎಂದೂ ಸೇರಿಸಿದಳು. ಹಿಂದಿನ ಸೀಟುಗಳಿಗೂ ನಮಗೂ ನಡುವೆ ಒಂದು ಪರದೆ ಕಟ್ಟಿದ್ದರು.

ಗಗನಸಖಿ ಒಂದು ತಟ್ಟೆಯಲ್ಲಿ ಪೆಪ್ಪರಮಿಂಟು ಮತ್ತು ಕಿವಿಗೆ ಇಟ್ಟುಕೊಳ್ಳುವ ಹತ್ತಿ ತಂದಳು. ಅವ್ವ ಪೆಪ್ಪರಮಿಂಟು ಬೇಡವೆಂದಳು, ಹತ್ತಿ ತೆಗೆದುಕೊಂಡಳು. ಬೆರಳ ನಡುವೆ ಎಳೆದು ನೋಡಿ, "ಎಳಿ ಸಣ್ಣದೈತಿ. ನಮ್ಮ ಹೊಲದ್ದಲ್ಲ," ಎಂದು ನನ್ನ ಕೈಗೆ ಕೊಟ್ಟಳು. ಪೆಪ್ಪರಮಿಂಟು ಬೇಡವೆಂದಾಗ ಗಗನಸಖಿ ಒತ್ತಾಯ ಮಾಡದೆ ಮುಂದೆ ಹೋದಳು. ಇಲ್ಲಿ ಒಂದೇ ಸಲ ಕೇಳುತ್ತಾರೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು. ಆದರೆ ನಾನು ವಿಮಾನ ಬೀಳುವ ಚಿಂತೆಯಲ್ಲಿದ್ದೆ.

ವಿಮಾನ ಏರಿತು. ಅವ್ವನ ತಲೆ ಅಲುಗಲಿಲ್ಲ. ನಾನು ಒಂದು ಕೈಯನ್ನು ಅವಳ ಕತ್ತಿನ ಹಿಂದೆ ಸಿದ್ಧವಾಗಿ ಇಟ್ಟುಕೊಂಡೇ ಇದ್ದೆ.

ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ನಮ್ಮಲ್ಲಿ ಯಾರ ಮನೆಗೆ ಹೋದರೂ ಊಟಕ್ಕೆ ಕರೆದಾಗ ಮೊದಲ ಸಲ ಒಲ್ಲೆ ಎನ್ನಬೇಕು. ಅದು ನಾವು ಉಣ್ಣುವ ಮನೆಯಿಂದ ಬಂದವರು ಎಂದು ತೋರಿಸಲು. ಎರಡನೆಯ ಸಲವೂ ಒಲ್ಲೆ ಎನ್ನಬೇಕು. ಕರೆದವರಿಗೆ ಒತ್ತಾಯ ಮಾಡುವ ಅವಕಾಶ ಸಿಗಲೆಂದು. ಮೂರನೆಯ ಸಲ, "ನೀವು ಕೇಳೂದಿಲ್ಲ ಬಿಡ್ರಿ, ಹಾಕ್ರಿ ಒಂದೀಟು," ಎಂದು ಕೂತು, ಹೊಟ್ಟೆತುಂಬ ಉಣ್ಣಬೇಕು. ಮೊದಲ ಮಾತಿಗೇ ಹೂಂ ಎಂದವರನ್ನು ಊರು ಬಹಳ ದಿನ ನೆನಪಿಡುತ್ತದೆ. ನಮ್ಮ ಬೀಗರೊಬ್ಬರು ಹಾಗೆ ಹೂಂ ಎಂದದ್ದು ಇಪ್ಪತ್ತು ವರ್ಷದ ಹಿಂದೆ. ಇವತ್ತಿಗೂ ಅವರ ಗುರುತು ಅದೇ.

ಬಿಸಿ ತಿಂಡಿಯ ವಾಸನೆ ಬಂತು. ತುಪ್ಪದ್ದೋ ವಡೆಯದ್ದೋ, ಅಂತೂ ಒಳ್ಳೆಯ ವಾಸನೆ. ಗಗನಸಖಿ ಅವ್ವನ ಕಡೆ ಬಗ್ಗಿ, "ಮಾಜೀ, ನಾಷ್ಟಾ?" ಎಂದಳು.

ಅವ್ವನಿಗೆ ಹುಬ್ಬಳ್ಳಿ ಸಂತೆಯ ಹಿಂದುಸ್ತಾನಿ ಬರುತ್ತಿತ್ತು. "ನಕೋ, ನಕೋ," ಎಂದಳು. ಎಂದದ್ದಷ್ಟೇ ಅಲ್ಲ. ನಮ್ಮಲ್ಲಿ ಒಲ್ಲೆ ಎನ್ನುವುದು ಬರೀ ಬಾಯಿಮಾತಿನಿಂದಾಗುವುದಿಲ್ಲ. ಕತ್ತನ್ನು ಈ ಭುಜದಿಂದ ಆ ಭುಜಕ್ಕೆ ಒಯ್ದರೇ ಅದು ಮರ್ಯಾದೆಯ ಒಲ್ಲೆ. ಅವ್ವ ಒಯ್ಯತೊಡಗಿದಳು.

ನಾನು ಎರಡೂ ಕೈಯಿಂದ ಅವಳ ತಲೆ ಹಿಡಿದೆ. ಒಂದು ಕೈ ನೆತ್ತಿಗೆ, ಒಂದು ಗದ್ದಕ್ಕೆ.

ಗಗನಸಖಿ ನನ್ನನ್ನು ನೋಡಿದಳು. ನನ್ನ ಕೈಗಳನ್ನು ನೋಡಿದಳು. ಮುದುಕಿಯೊಬ್ಬಳಿಗೆ ತಿಂಡಿ ಬೇಕೇ ಎಂದು ಕೇಳಿದ ಕೂಡಲೇ ಮಗ ಅವಳ ಬಾಯಿ ಗಟ್ಟಿಯಾಗಿ ಮುಚ್ಚಿ ಹಿಡಿದದ್ದನ್ನು ಅವಳು ತನ್ನ ನೌಕರಿಯಲ್ಲಿ ಅದೇ ಮೊದಲು ಕಂಡಿರಬೇಕು. ಸಣ್ಣ ದನಿಯಲ್ಲಿ "ಸರ್, ನಿಮಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೈ ಬಿಡುವಂತಿರಲಿಲ್ಲ. ಅವ್ವ ಒಲ್ಲೆ ಎಂದ ಮೇಲೆ ಪಕ್ಕದಲ್ಲಿ ಕೂತು ಮಗ ತಿನ್ನುವಂತೆಯೂ ಇರಲಿಲ್ಲ. "ನೋ, ಥ್ಯಾಂಕ್ಯೂ," ಎಂದೆ. ಅವಳು ಎರಡೂ ತಟ್ಟೆ ತೆಗೆದುಕೊಂಡು ಹೋದಳು.

"ಯಾಕಲೇ ಗದ್ದ ಹಿಡದಿ?" ಎಂದಳು ಅವ್ವ.

"ತಲಿ ಅಳಗಾಡಸಬ್ಯಾಡ ಅಂತ ಡಾಕ್ಟರ್ ಹೇಳಿಲ್ಲೇನಬೇ?"

"ಬ್ಯಾಡ ಅನ್ನಾಕ ತಲಿ ಅಳಗಾಡಸದ ಮತ್ತ ಕಾಲ ಅಳಗಾಡಸ್ಲೇನು?" ಆಮೇಲೆ, "ಇರಲಿ ಬಿಡು. ಮತ್ತ ಬರ್ತಾಳ," ಎಂದಳು. ಸೆರಗು ಸರಿಮಾಡಿಕೊಂಡು, ಎರಡನೆಯ ಒಲ್ಲೆಗೆ ತಯಾರಾಗಿ ಕೂತಳು.

ಗಗನಸಖಿ ಮತ್ತೆ ಬರಲಿಲ್ಲ. ಒಟ್ಟು ಹಾರಾಟವೇ ಒಂದು ತಾಸಿನೊಳಗಿನದು. ಮೂರು ಸಲ ಕೇಳಿ ಬಡಿಸಬೇಕೆಂದರೆ ಆ ವಿಮಾನ ದಿಲ್ಲಿಯವರೆಗೆ ಹೋಗಬೇಕಿತ್ತು. ಕರೆದು ಹೇಳೋಣವೆಂದರೆ ಏನೆಂದು ಹೇಳುವುದು? ನಮ್ಮವ್ವ ಒಲ್ಲೆ ಎಂದದ್ದು ಒಲ್ಲದೆ ಅಲ್ಲ, ನೀವು ಇನ್ನೆರಡು ಸಲ ಕೇಳತಕ್ಕದ್ದು ಎಂದು ಹಿಂದಿಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಚೆ ಬದಿಯ ಸೀಟಿನ ಕೋಟಿನವರ ತಟ್ಟೆಗಳೂ ಖಾಲಿಯಾದವು.

"ಹಿಂದ ಏನ ನಡದೈತಿ ನೋಡಲೇ. ಸಪ್ಪಳ ಬರಾಕತ್ತೈತಿ," ಎಂದಳು ಅವ್ವ. ತಾನು ತಿರುಗುವಂತಿರಲಿಲ್ಲ.

ನಾನು ಪರದೆಯ ಸಂದಿನಿಂದ ನೋಡಿದೆ. "ತಿನ್ನಾಕತ್ತಾರ. ಎಲ್ಲಾರ ಮುಂದೂ ಒಂದೊಂದ ಡಬ್ಬಿ ಐತಿ."

"ಕೇಳಿ ಕೊಟ್ಟಾರೇನು?"

"ಇಲ್ಲಬೇ. ಹಂಗ ಮುಂದ ಇಟಗೋತ ಹೊಂಟಾರ."

ಅವ್ವ ಇದನ್ನು ಬಹಳ ಹೊತ್ತು ವಿಚಾರ ಮಾಡಿದಳು. ವಿಮಾನ ಇಳಿಯತೊಡಗಿತು. "ಅಂದ್ರ ಅದು ಪಂಕ್ತಿ," ಎಂದಳು ಕಡೆಗೆ. "ಹಿಂದ ಪಂಕ್ತಿ ಹಾಕ್ಯಾರ. ನಾವು ಹಿಂದ ಕುಂದ್ರಬೇಕಿತ್ತು."

ಸಾದಾ ಸೀಟು ಸಿಗಲಿಲ್ಲ ಎಂದು ಹೇಳಿದೆ.

ಮುಂಬಯಿಯಲ್ಲಿ ತಂಗಿ ಬಂದು ನಿಂತಿದ್ದಳು. ಡಾಕ್ಟರು ಊರಲ್ಲಿದ್ದರು. ಪದರ ಇನ್ನೂ ನಡುಭಾಗದವರೆಗೆ ಬಿಚ್ಚಿಲ್ಲ, ದಾರಿಯಲ್ಲಿ ಕುಲುಕಾಡದೆ ತಂದದ್ದು ಒಳ್ಳೆಯದಾಯಿತು ಎಂದರು. ನಾನು ತಂಬೂರಿನ ಡ್ರೈವರನನ್ನು ನೆನೆದೆ. ಸ್ವಲ್ಪ ನನ್ನ ಎರಡು ಕೈಗಳನ್ನೂ. ಮರುದಿನ ಆಪರೇಷನ್ ಆಯಿತು.

ಆಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಎಂಟು ದಿನ ಅಲ್ಲಾಡದಂತೆ ಮಲಗಿಸಿದರು. ಕಣ್ಣಿನ ಆ ಕರೇ ಪರದೆ ಪೂರ್ತಿ ಇಳಿದಿದ್ದರೂ ಈ ಎಂಟು ದಿನ ಗೊತ್ತಾಗುವಂತಿರಲಿಲ್ಲ. ನಾನು ಕಾರಿಡಾರಿನಲ್ಲಿ ಕೂತು ಹೊಸ ಪಟ್ಟಿ ಬರೆಯಲು ಹೋದೆ; ಒಂದೇ ಸಾಲಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಹಗಲಿನ ನರ್ಸು ಮರಾಠಿಯವಳು. ಮೊದಲ ದಿನ ಗಂಜಿ ತಂದು ಬೇಕೇ ಎಂದಳು. ಅವ್ವ ನಕೋ ಎಂದಳು. ನರ್ಸು ಬಟ್ಟಲು ಎತ್ತಿಕೊಂಡು ಹೊರಟಳು. ತಂಗಿ ಬಾಗಿಲಲ್ಲೇ ಅವಳನ್ನು ನಿಲ್ಲಿಸಿ ಏನೋ ಹೇಳಿದಳು. ಮರುದಿನದಿಂದ ಆ ನರ್ಸು ಬಾಗಿಲ ಹೊರಗೇ ಶುರು ಮಾಡಿ, ಮಂಚದ ಹತ್ತಿರ ಬರುವಷ್ಟರಲ್ಲಿ ಮೂರು ಸಲ ಕೇಳಿ ಮುಗಿಸಿರುತ್ತಿದ್ದಳು.

ಒಂಬತ್ತನೆಯ ದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಡಾಕ್ಟರು ಕಿಸೆಯ ಪೆನ್ನು ತೆಗೆದು ಅವಳ ಮುಂದೆ ಹಿಡಿದು, ಇದೇನು ಎಂದು ಕೇಳಿದರು. ತಂಗಿ ಕನ್ನಡದಲ್ಲಿ ಹೇಳಿದಳು. ಅವ್ವ ತಡಮಾಡಿದಳು. ನಾನು ಗೋಡೆಯ ಕಡೆ ನೋಡಿದೆ.

"ಪೆನ್ನು," ಎಂದಳು. ಮತ್ತೆ ಅದನ್ನೇ ದಿಟ್ಟಿಸಿ, "ಟೊಪಗಿ ಸೀಳೈತಿ. ಇಷ್ಟ ದೊಡ್ಡ ಡಾಕ್ಟರು, ಒಂದ ಹೊಸಾದ ತಗೋಬಾರದೇನು?"

ತಂಗಿ ಆ ಎರಡನೆಯ ಭಾಗವನ್ನು ಅನುವಾದಿಸಲಿಲ್ಲ.

ಒಂದೂವರೆ ತಿಂಗಳ ಮೇಲೆ ರೈಲಿನಲ್ಲಿ ಊರಿಗೆ ಬಂದೆವು. ಓಣಿಯ ಹೆಂಗಸರು ನೋಡಲು ಬಂದು ಪಡಸಾಲೆಯಲ್ಲಿ ತುಂಬಿಕೊಂಡರು. ಕಣ್ಣಿನ ವಿಚಾರ ಬೇಗ ಮುಗಿಯಿತು; ಕಾಣುತ್ತದೆ ಎಂದ ಮೇಲೆ ಕೇಳುವುದೇನಿದೆ? ಬಾಜು ಮನೆಯಾಕೆ ವಿಮಾನದ ಮಾತು ತೆಗೆದಳು. "ಮುಂದಿನ ಸೀಟಂತಲ್ಲಬೇ ನಿಮ್ಮದು. ಉಣ್ಣಾಕ ಏನ ಹಾಕಿದ್ರು?"

"ಏನೂ ಇಲ್ಲ," ಎಂದಳು ಅವ್ವ.

"ಕೇಳೂದರ ಕೇಳಿದ್ರೋ ಇಲ್ಲೋ?"

"ಕೇಳಿದ್ಲು. ಒಂದ ಸಲ."

ಒಂದೇ ಸಲ ಎಂದರೇನು ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಮೂಲೆಯಲ್ಲಿದ್ದ ಹಿರಿಯಳೊಬ್ಬಳು, "ಇನ್ನೊಮ್ಮೆ ಕೇಳಿದ್ರ ಆಕೀದೇನ ಹೋಗತಿತ್ತು?" ಎಂದಳು.

"ಕೇಳತಿದ್ಲವ್ವ, ಆ ಹುಡುಗಿ ಮಾರಿ ನೋಡಿದ್ರ ಗೊತ್ತಾಗತಿತ್ತು," ಎಂದಳು ಅವ್ವ. ಆ ಬಲಗಣ್ಣಿನಿಂದ, ಪಡಸಾಲೆಯ ಆ ತುದಿಯಿಂದ ಈ ತುದಿಗೆ, ನೇರವಾಗಿ ನನ್ನನ್ನೇ ನೋಡಿದಳು. "ಇಂವ ಗದ್ದ ಹಿಡದಾ."