ಕಡೆಯ ಒಂಬತ್ತು ಹೋಲ್ ಯಾವುವು?

ನಂಜನಗೂಡಿನಲ್ಲಿ ದನದ ಡಾಕ್ಟರಾಗಿರುವ ಹೆಂಗಸು ಗಾಲ್ಫ್ ಆಡುತ್ತಾಳೆ ಎಂದರೆ ಇವತ್ತಿಗೂ ಜನ ನಗುತ್ತಾರೆ. ನಗಲಿ. ವಾರವೆಲ್ಲ ಕವಲಂದೆಯ ಕೊಟ್ಟಿಗೆಗಳಲ್ಲಿ ಎಮ್ಮೆಯ ಬಸಿರು ನೋಡಲು ಭುಜದವರೆಗೆ ಕೈ ಹಾಕುವವಳಿಗೆ ಭಾನುವಾರ ಹುಲ್ಲಿನ ಮೇಲೆ ಚೆಂಡು ಹೊಡೆಯುವುದೇ ವಿಶ್ರಾಂತಿ. ನನಗೆ ನಗು ಬರುವುದು ನಮ್ಮ ಕ್ಲಬ್ಬಿನ ಗಂಡಸರನ್ನು ಕಂಡು. ಊರಾಚೆಯ ಸಣ್ಣ ಮೈದಾನ, ಬೆರಳೆಣಿಕೆಯ ಸದಸ್ಯರು. ಸಮಿತಿಯವರ ಠೀವಿ ನೋಡಿದರೆ ಮಾತ್ರ ಸಚಿವ ಸಂಪುಟವೇ ಟೋಪಿ ಹಾಕಿಕೊಂಡು ಬಂದಂತಿರುತ್ತದೆ.

ಎರಡು ವರ್ಷದ ಹಿಂದೆ ವಾರ್ಷಿಕ ಕಪ್ಪಿನ ಪಂದ್ಯ. ಹದಿನೆಂಟು ಹೋಲುಗಳನ್ನು ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ಆಟದ ಮಟ್ಟ ನೋಡಿ ಪ್ರತಿಯೊಬ್ಬರಿಗೂ ಕೊಡುವ ಹ್ಯಾಂಡಿಕ್ಯಾಪಿನ ರಿಯಾಯಿತಿ ಕಳೆದ ಮೇಲೆ ನನಗೂ ಟಿ. ನರಸೀಪುರದ ಒಬ್ಬ ರೈಸ್ ಮಿಲ್ ಮಾಲೀಕರಿಗೂ ಸರಿಯಾಗಿ ಎಪ್ಪತ್ತೆರಡು ಬಂತು. ಟೈ. ಹೀಗಾದರೆ ಏನು ಮಾಡಬೇಕೆಂದು ಕ್ಲಬ್ಬಿನ ಬೋರ್ಡಿನಲ್ಲೇ ಬರೆದಿತ್ತು: ಹತ್ತರಿಂದ ಹದಿನೆಂಟರವರೆಗಿನ ಕಡೆಯ ಒಂಬತ್ತು ಹೋಲುಗಳಲ್ಲಿ ಯಾರದ್ದು ಕಡಿಮೆಯೋ ಅವರಿಗೆ ಕಪ್ಪು. ಅದೂ ಸಮವಾದರೆ ಕಡೆಯ ಆರು, ಆಮೇಲೆ ಕಡೆಯ ಮೂರು, ಕೊನೆಗೆ ಹದಿನೆಂಟನೆಯದೊಂದೇ. ಇದನ್ನು ಕೌಂಟ್‌ಬ್ಯಾಕ್ ಎನ್ನುತ್ತಾರೆ. ಆ ಒಂಬತ್ತರಲ್ಲಿ ನನ್ನದು ಮೂವತ್ತನಾಲ್ಕು, ಅವರದ್ದು ಮೂವತ್ತೈದು. ಮುಗಿಯಿತಲ್ಲ?

ಮುಗಿಯಲಿಲ್ಲ. ನಮ್ಮ ಕಾರ್ಯದರ್ಶಿ ಆ ಮಾಲೀಕರ ಷಡ್ಡಕ. ಕಾಫಿ ಹೀರುತ್ತಾ ಅವರು ಹೊಸದೊಂದು ಶಾಸ್ತ್ರ ತೆಗೆದರು.

"ಮೇಡಮ್, ನೀವು ಆಟ ಶುರು ಮಾಡಿದ್ದೇ ಹತ್ತನೇ ಹೋಲಿಂದ. ಅಂದ್ರೆ ನೀವು ಕಡೇಲಿ ಆಡಿದ್ದು ಒಂದರಿಂದ ಒಂಬತ್ತು ಕಣ್ರೀ. ಅದ್ರಲ್ಲಿ ನಿಮ್ದು ಮೂವತ್ತೆಂಟು."

"ಮತ್ತೆ ಅವರದ್ದು?"

"ಅವ್ರು ಒಂದ್ರಿಂದ ಶುರು ಮಾಡಿದ್ರು. ಅವ್ರಿಗೆ ಕಡೇದು ಹತ್ತರಿಂದ ಹದಿನೆಂಟು."

ನನ್ನ ಒಂಬತ್ತೇ ಬೇರೆ, ಅವರ ಒಂಬತ್ತೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತಾರಂತೆ! ಆಟ ಬೇಗ ಮುಗಿಯಲೆಂದು ಬೆಳಿಗ್ಗೆ ಅರ್ಧ ಗುಂಪುಗಳನ್ನು ಒಂದರಿಂದ, ಇನ್ನರ್ಧವನ್ನು ಹತ್ತರಿಂದ ಬಿಟ್ಟವರೂ ಈ ಕಾರ್ಯದರ್ಶಿಯೇ. "ಹೋದ ವರ್ಷವೂ ಟೈ ಆಗಿತ್ತು. ಆಗ ಹತ್ತನೇ ಹೋಲಿನಿಂದ ಶುರು ಮಾಡಿದ್ದವರು ನಿಮ್ಮ ಷಡ್ಡಕರು. ಅವರಿಗೆ ಹತ್ತರಿಂದ ಹದಿನೆಂಟನ್ನೇ ಎಣಿಸಿ ಕಪ್ಪು ಕೊಟ್ಟಿರಲ್ಲ?" ಎಂದು ಕೇಳಿದೆ.

"ಅದು ಹೋದ್ ವರ್ಷ, ಬುಡಿ ಮೇಡಮ್."

ನನ್ನ ಜೊತೆ ಆಡಿ, ನನ್ನ ಸ್ಕೋರ್ ಕಾರ್ಡಿಗೆ ಸಹಿ ಹಾಕಿದ್ದ ನಿವೃತ್ತ ಹೆಡ್ ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. ಹೋದ ವರ್ಷ ಟೈ ಆಗಿ ಸೋತವರು ಅವರೇ. ಅವರ ಕಡೆ ನೋಡಿದೆ. ಅವರು ಬಜ್ಜಿಯ ಎಣ್ಣೆಯನ್ನು ಕಾಗದಕ್ಕೆ ಒತ್ತಿ ಒತ್ತಿ ತೆಗೆಯುತ್ತಿದ್ದರು. ಸಾವಿರಾರು ಮಕ್ಕಳಿಗೆ ಸತ್ಯ ಹೇಳಿಕೊಟ್ಟ ಬಾಯಿ ಬಜ್ಜಿಗೆ ಮಾತ್ರ ತೆರೆಯಿತು.

ನಾನು ಕೂಗಾಡಿದ ಮೇಲೆ, ಮುಂದಿನ ಭಾನುವಾರ ಇಬ್ಬರೂ ಒಂದೊಂದೇ ಹೋಲ್ ಆಡುವುದು, ಮೊದಲು ಹಿಂದೆ ಬಿದ್ದವರು ಸೋತಂತೆ ಎಂದು ತೀರ್ಮಾನವಾಯಿತು. ಆ ಭಾನುವಾರ ನಾನು ಹೋಗಿ ನಿಂತೆ. ಮಾಲೀಕರ ಬದಲು ಕಾರ್ಯದರ್ಶಿ ಬಂದರು.

"ನಮ್ಮೋರು ಬನ್ನೂರಿಗೆ ಮದ್ವೆಗೆ ಓಗವ್ರೆ. ಇಬ್ರೂ ಗೆದ್ರಿ ಅಂತ ಬರ್ಕಂಡಿದೀವಿ. ಆರಾರು ತಿಂಗ್ಳು ಕಪ್ಪು ಇಟ್ಕಳಿ."

ಎದುರಾಳಿ ಬಾರದಿದ್ದರೆ ಬಂದವರು ಗೆದ್ದಂತೆ ಎಂಬುದು ಕುಂಟೆಬಿಲ್ಲೆ ಆಡುವ ಹುಡುಗಿಯರಿಗೂ ಗೊತ್ತು. ಇವರಿಗೆ ಗೊತ್ತಿರಲಿಲ್ಲ. ಮೊದಲ ಆರು ತಿಂಗಳ ಸರದಿ ಮಾಲೀಕರದ್ದೇ ಎಂದು ಬೇರೆ ಹೇಳಬೇಕಿಲ್ಲ.

ಆರು ತಿಂಗಳು ಕಳೆದರೂ ಕಪ್ಪು ಬರಲಿಲ್ಲ. ನಾನೇ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ. ಮಿಲ್ಲಿನ ಆಫೀಸಿನ ಮೇಜಿನ ಮೇಲೆ ಕಪ್ಪು ಕೂತಿತ್ತು, ಒಳಗೆ ಸೋನಾ ಮಸೂರಿಯ ಸ್ಯಾಂಪಲ್ಲು. ಮೈಮೇಲೆ ದಪ್ಪಕ್ಷರದಲ್ಲಿ ಮಾಲೀಕರ ಹೆಸರು. ಅದರ ಕೆಳಗೆ ಸಣ್ಣದಾಗಿ, "ಹಾಗೂ ಒಬ್ಬ ಮಹಿಳಾ ಸದಸ್ಯೆ".

"ಎಸ್ರು ಕೆತ್ಸಕ್ಕೆ ಜಾಗ ಸಾಲ್ಲಿಲ್ಲ ಮೇಡಮ್ಮೋರೆ," ಎಂದು ಅವರು ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಗೆದ್ದಿದ್ದು ನೀವೇಯ, ನಂಗೂ ಗೊತ್ತು. ಆದ್ರೆ ಎಂಗ್ಸಿಗೆ ಸೋತೆ ಅಂದ್ರೆ ಈ ತಾಲ್ಲೂಕಲ್ಲಿ ತಲೆ ಎತ್ಕಂಡು ತಿರ್ಗಾಡಕ್ಕಾಯ್ತದಾ?"

"ಇದನ್ನೇ ಸಮಿತಿಯ ಮುಂದೆ ಹೇಳ್ತೀರಾ?"

"ಟೀ ಕುಡೀರಿ, ಬುಡಿ ಅತ್ಲಾಗೆ."

ನಾನು ಕುಡಿಯಲಿಲ್ಲ. ಅಕ್ಕಿಯನ್ನು ಅವರ ಮೇಜಿನ ಮೇಲೇ ಸುರಿದು, ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಬರೀ ಸಿಟ್ಟು ಎಂದುಕೊಂಡಿದ್ದೆ; ಬಸ್ಸಿನಲ್ಲಿ ಕಣ್ಣಲ್ಲಿ ನೀರು ಬಂದಾಗ ಅದಷ್ಟೇ ಅಲ್ಲ ಎಂದು ಗೊತ್ತಾಯಿತು. ಊರಿಗೆ ಬಂದವಳೇ ಅಕ್ಷರ ಕೆತ್ತುವವನ ಅಂಗಡಿಗೆ ಹೋಗಿ, "ಒಬ್ಬ ಮಹಿಳಾ ಸದಸ್ಯೆ"ಯನ್ನು ಉಜ್ಜಿ ತೆಗೆಸಿ ನನ್ನ ಹೆಸರು ಹಾಕಿಸಿದೆ. ಜಾಗ ಧಾರಾಳವಾಗಿತ್ತು.

ನಂತರದ ಪಂದ್ಯಕ್ಕೆ ಬೋರ್ಡಿನಿಂದ ಕೌಂಟ್‌ಬ್ಯಾಕಿನ ನಿಯಮವೇ ಮಾಯವಾಗಿತ್ತು. ಟೈ ಆದರೆ ಸಮಿತಿಯ ತೀರ್ಮಾನವೇ ಅಂತಿಮ ಎಂಬ ಒಂದು ಸಾಲು ಬಂದಿತ್ತು. ಕಡೆಗೂ ನಿಜ ಬರೆದರಲ್ಲ ಎಂದುಕೊಂಡೆ. ಸುತ್ತಮುತ್ತ ಬೇರೆ ಮೈದಾನವಿಲ್ಲದ ಕಾರಣ ಈಗಲೂ ಅಲ್ಲೇ ಆಡುತ್ತೇನೆ. ಮೇಷ್ಟ್ರು ಒಮ್ಮೆ, "ಜೊತೇಲಿ ಆಡೋಣ್ವಾ ಅಮ್ಮಾ?" ಎಂದು ಕೇಳಿದರು. ಬೇಡ ಸಾರ್ ಎಂದೆ. ಅವರು ಕಾರಣ ಕೇಳಲಿಲ್ಲ.