ಕೊನೆಯ ರೀಲು ಹೇಳುವವಳು

ಉಡುಪಿಗೆ ಬಂದ ಮೊದಲ ಭಾನುವಾರವೇ ನಾನು ಥಿಯೇಟರಿನಲ್ಲಿ ಚಪ್ಪಾಳೆ ತಟ್ಟಿ ಮರ್ಯಾದೆ ಕಳೆದುಕೊಂಡೆ. ಪರದೆಯ ಮೇಲೆ ನಾಯಕ ಬಂದಿದ್ದ. ನಮ್ಮ ಗದಗಿನಲ್ಲಾದರೆ ಆ ಹೊತ್ತಿಗೆ ಮುಂದಿನ ಸಾಲಿನಿಂದ ಚಿಲ್ಲರೆ ಹಾರುತ್ತದೆ, ಸೀಟಿಗಳು ಕಿವಿ ತೂತು ಮಾಡುತ್ತವೆ, ಹೆಂಗಸರ ಕಡೆಯಿಂದಲೂ “ಬಂದಾ ನೋಡ್ರೀ!” ಎಂಬ ಕೂಗು ಏಳುತ್ತದೆ. ಇಲ್ಲಿ ಕೇಳಿಸಿದ್ದು ನನ್ನದೊಂದೇ ಚಪ್ಪಾಳೆ. ಎರಡು ಸಲ ತಟ್ಟಿ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡೆ. ಮುಂದೆ ಕುಳಿತಿದ್ದ ಹೆಂಗಸೊಬ್ಬರು ತಿರುಗಿ, ಈ ಹುಡುಗಿಗೆ ಮೈ ಹುಷಾರಿಲ್ಲವೇನೋ ಎಂಬಂತೆ ನೋಡಿದರು. ಕೆಮ್ಮು ಬಂದವರು ಸೆರಗು ಅಡ್ಡ ಹಿಡಿದು ಕೆಮ್ಮುವ ಊರಿಗೆ ನನ್ನ ನೌಕರಿ ನನ್ನನ್ನು ತಂದು ಹಾಕಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ಒಳರಸ್ತೆಯ ಹಂಚಿನ ಮನೆಯೊಂದರ ಹೊರಗಿನ ಕೋಣೆ ಬಾಡಿಗೆಗೆ ಸಿಕ್ಕಿತು. ಒಗೆದ ಸೀರೆ ಮೂರು ದಿನವಾದರೂ ಒಣಗದು. ಜೋಳದ ರೊಟ್ಟಿ ಕೇಳಿದರೆ ಮನೆಯೊಡತಿ ಪಾಪದ ಮುಖ ಮಾಡಿ ಕುಚ್ಚಲಕ್ಕಿ ಗಂಜಿ ಬಡಿಸುತ್ತಿದ್ದರು. ಒಂದೊಂದು ಅಗುಳೂ ಹಲ್ಲಿನ ಜೊತೆ ಜಗಳಕ್ಕೆ ನಿಲ್ಲುವ ಅನ್ನ ಅದು. ಇಲ್ಲಿಯವರು ತಮ್ಮತಮ್ಮಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಗಲಗಲ ಮಾತಾಡುತ್ತಾರೆ. ನಾನು ಹತ್ತಿರ ಬಂದ ಕೂಡಲೇ ಪುಸ್ತಕ ಓದಿದ ಹಾಗೆ ಕನ್ನಡ ಶುರು ಮಾಡುತ್ತಾರೆ. ಇದು ಮರ್ಯಾದೆಯೋ, ನನ್ನನ್ನು ದೂರ ಇಡುವ ಉಪಾಯವೋ ತಿಳಿಯದೆ ಮೊದಲ ಆರು ತಿಂಗಳಲ್ಲಿ ನಾಲ್ಕು ಸಲ ವರ್ಗಾವಣೆಗೆ ಅರ್ಜಿ ಹಾಕಿದೆ.

ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು ಸಿನಿಮಾ. ಸರಿಯಾಗಿ ಹೇಳಬೇಕೆಂದರೆ, ಸಿನಿಮಾ ನೋಡಿದ ಮರುದಿನದ ಮಾತು.

ಕರೆ ಜೋಡಿಸುವ ಬೋರ್ಡಿನ ಮುಂದೆ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಸ್ಟೆಲ್ಲಾ. ಕಾಪುವಿಗೆ ಸೊಸೆಯಾಗಿ ಬಂದ ಕ್ರಿಶ್ಚಿಯನ್ ಹುಡುಗಿ, ಮನೆಮಾತು ಕೊಂಕಣಿ. ಮದುವೆಯಾದ ವರ್ಷವೇ ಗಂಡ ಬಹರೈನಿಗೆ ಹೋಗಿದ್ದ. ಅವಳು ಅತ್ತೆಯ ಜೊತೆ ಇದ್ದು ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ನನ್ನ ಆ ಚಪ್ಪಾಳೆಯನ್ನು ಹಿಂದಿನ ಸಾಲಿನಿಂದ ನೋಡಿದ್ದಳಂತೆ. ಸೋಮವಾರ ಬಂದು, “ನೀವು ಇನ್ನೊಂದು ಸಲ ತಟ್ಟುದಾದ್ರೆ ಹೇಳಿ, ನಾನೂ ಸೇರ್ತೇನೆ” ಎಂದಳು. ಹದಿನೈದು ದಿನದಲ್ಲಿ ‘ನೀವು’ ಹೋಗಿ ‘ನೀನು’ ಆಯಿತು, ‘ಮಾರಾಯ್ರೆ’ ಹೋಗಿ ‘ಮಾರಾಯ್ತಿ’ ಆಯಿತು.

ಅವಳಿಗೆ ಸಿನಿಮಾ ಎಂದರೆ ಜೀವ. ಆದರೆ ಮದುವೆಯಾದ ಮೇಲೆ ಒಂದು ಸಿನಿಮಾದ ಕೊನೆಯನ್ನೂ ಅವಳು ನೋಡಿರಲಿಲ್ಲ. ಸಂಜೆ ಇಗರ್ಜಿಯ ಗಂಟೆಯಾದ ಮೇಲೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳುವ ಪದ್ಧತಿ ಅವರಲ್ಲಿದೆ, ‘ತೇರ್ಸ್’ ಎನ್ನುತ್ತಾರೆ. ಸೊಸೆ ತೇರ್ಸಿಗೆ ಮನೆಯಲ್ಲಿರಬೇಕು, ಅದರಲ್ಲಿ ಅತ್ತೆಯದು ರಾಜಿಯಿಲ್ಲ. ಹಾಗಾಗಿ ಭಾನುವಾರದ ಮ್ಯಾಟಿನಿಯಲ್ಲಿ ಕೊನೆಯ ರೀಲು ಶುರುವಾಗುವ ಹೊತ್ತಿಗೆ ಸ್ಟೆಲ್ಲಾ ಚಪ್ಪಲಿ ಹುಡುಕಿಕೊಂಡು ಎದ್ದು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದಳು. ಖಳನಾಯಕ ಸತ್ತನೋ, ತಾಯಿಗೆ ಮಗ ಸಿಕ್ಕಿದನೋ ಅವಳಿಗೆ ಗೊತ್ತಾಗುತ್ತಿದ್ದುದು ಸೋಮವಾರ, ನನ್ನ ಬಾಯಿಂದ.

ಆ ಸೋಮವಾರಗಳು ಎಷ್ಟು ಚೆನ್ನಾಗಿದ್ದವು! ಕಿವಿಗೆ ಹೆಡ್‌ಸೆಟ್ಟು, ಕೈಯಲ್ಲಿ ವಯರು, ಬಾಯಲ್ಲಿ ಸಿನಿಮಾ. “ಆಗ ಅವ ಬಾಗಿಲಾ ಒದ್ದ ನೋಡು... ನಂಬರ್ ಪ್ಲೀಸ್... ಒಳಗ ಯಾರಿದ್ರಂತಿ?” “ಯಾರು ಮಾರಾಯ್ತಿ? ಬೇಗ ಹೇಳು, ಮಣಿಪಾಲದ ಲೈನ್ ಉಂಟು ಇಲ್ಲಿ!” ನಮ್ಮ ಮೇಲ್ವಿಚಾರಕಿ ಜಲಜಕ್ಕ ಮಟ್ಟುವಿನವರು, ತುಳು ಮನೆಮಾತಿನವರು, ಬೈಯುವ ಮುಖ ಮಾಡಿಕೊಂಡು ಬಂದು ತಾವೂ ನಿಂತು ಕೇಳುತ್ತಿದ್ದರು. ಅಭಿಪ್ರಾಯ ಹೇಳುವುದರಲ್ಲಿ ಮಾತ್ರ ಅವರಿಬ್ಬರೂ ಮಹಾ ಜಿಪುಣರು. ನಾನು ಒಂದು ಸಿನಿಮಾವನ್ನು ಆಕಾಶಕ್ಕೆ ಏರಿಸುತ್ತೇನೆ, ಇನ್ನೊಂದನ್ನು ಹೊಂಡಕ್ಕೆ ಹಾಕುತ್ತೇನೆ. ಅವರು ಕಣ್ಣೀರು ಒರೆಸಿಕೊಂಡು ನೋಡಿ ಬಂದ ಸಿನಿಮಾಕ್ಕೂ “ಅಡ್ಡಿಲ್ಲ” ಎನ್ನುತ್ತಾರೆ. ಇಲ್ಲಿ ಅದು ದೊಡ್ಡ ಹೊಗಳಿಕೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟು ತಿಳಿದ ಮೇಲೆ ಇವರ ಕನ್ನಡ ನನಗೆ ಪೂರ್ತಿ ಬಂತು ಎಂದುಕೊಂಡೆ. ಎಡವಟ್ಟಾದದ್ದು ಅಲ್ಲಿಯೇ.

ಎರಡನೆಯ ವರ್ಷ ಒಂದು ಸಿನಿಮಾ ಬಂತು. ಹಾಡಿಲ್ಲ, ಹೊಡೆದಾಟವಿಲ್ಲ. ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದಾನೆ, ಹೆಂಡತಿ ಹೊಳೆಯ ಕಡವಿನಲ್ಲಿ ದಿನಾ ಬಂದು ನಿಲ್ಲುತ್ತಾಳೆ, ದೋಣಿ ಬರುತ್ತದೆ, ಅವನು ಅದರಲ್ಲಿ ಇರುವುದಿಲ್ಲ. ಇಷ್ಟೇ. ಮಣಿಪಾಲದಿಂದ ಬಂದ ಕಾಲೇಜು ಹುಡುಗರು ಗಂಭೀರವಾಗಿ ತಲೆದೂಗುತ್ತಿದ್ದರು. ನಾನು ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡೆ. ಸ್ಟೆಲ್ಲಾ ಎಂದಿನಂತೆ ಕೊನೆಯ ರೀಲಿಗೆ ಎದ್ದು ಹೋದಳು. ಮರುದಿನ ಕೇಳಿದೆ, “ಪಿಕ್ಚರ್ ಹ್ಯಾಂಗಿತ್ತ?”

“ಬೇಜಾರು ಮಾರಾಯ್ತಿ. ಭಾರೀ ಬೇಜಾರು,” ಎಂದಳು. “ಕಡೆಗೆ ಎಂತ ಆಯ್ತು? ಅವ ಬಂದ್ನಾ?”

ನಮ್ಮಲ್ಲಿ ಬೇಜಾರು ಎಂದರೆ ಬ್ಯಾಸರ, ಹೊತ್ತು ಹೋಗದ ಸಂಕಟ. ಸದ್ಯ, ಇವಳಿಗೂ ನನ್ನಂತೆಯೇ ಸಾಕುಸಾಕಾಗಿದೆ ಎಂದು ನನಗೆ ಖುಷಿಯಾಯಿತು. ನಾಲಗೆ ಸಡಿಲ ಬಿಟ್ಟೆ.

“ಎಲ್ಲಿ ಬರ್ತಾನ? ಬರಲೇ ಇಲ್ಲ, ಛಲೋನ ಆತು! ಆಕಿ ಅಳೂ ಮಾರಿ ನೋಡಿದ್ರ ಯಾವ ಗಂಡ ತಿರುಗಿ ಬಂದಾನು? ಅಲ್ಲೇ ಯಾವಾಕಿನ್ನರ ಕಟಗೊಂಡು ಆರಾಮ ಇರ್ತಾನ ತಗೋ!”

ಸ್ಟೆಲ್ಲಾ ನನ್ನನ್ನು ನೋಡಿದಳು. ಬೋರ್ಡಿನಲ್ಲಿ ಒಂದು ದೀಪ ಹತ್ತಿತು. “ನಂಬರ್ ಪ್ಲೀಸ್,” ಎಂದು ಅತ್ತ ತಿರುಗಿದಳು. ಮರುದಿನ ನಾನು ಕರೆದರೆ, “ಹೇಳಿ, ನಿಮಗೆ ಎಂತ ಬೇಕಿತ್ತು?” ಎಂದಳು. ಒಂದೂವರೆ ವರ್ಷದ ಮೇಲೆ ‘ನೀವು’ ವಾಪಸ್ಸು ಬಂದಿತ್ತು. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆ ಮರ್ಯಾದೆಯನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಭಾನುವಾರ ಅವಳು ಸಿನಿಮಾಕ್ಕೆ ಬರಲಿಲ್ಲ, ನಾನೂ ಹೋಗಲಿಲ್ಲ. ಐದನೆಯ ಅರ್ಜಿ ಬರೆಯಲು ಕೂತೆ.

ಕಡೆಗೆ ಜಲಜಕ್ಕನೇ ನನ್ನನ್ನು ಊಟದ ಕೋಣೆಗೆ ಎಳೆದುಕೊಂಡು ಹೋದರು. “ನೀನು ಅವಳಿಗೆ ಎಂತ ಹೇಳಿದ್ದು?”

ಹೇಳಿದೆ. “ಪಿಕ್ಚರ್ ಬೇಜಾರ ಅಂತ ಆಕೀನ ಅಂದ್ಲಲ್ರೀ ಅಕ್ಕಾ.”

“ಬೇಜಾರು ಅಂದ್ರೆ ಎಂತ ನಿಂಗೆ?”

“ಬ್ಯಾಸರ. ಬೋರು.”

ಜಲಜಕ್ಕ ತುತ್ತನ್ನು ಬುತ್ತಿಯಲ್ಲೇ ಬಿಟ್ಟರು. “ಅಯ್ಯೋ ದೇವರೇ! ನಾವು ದುಃಖಕ್ಕೆ ಬೇಜಾರು ಅಂತ ಹೇಳುವುದು ಮಾರಾಯ್ತಿ. ಸಾವಿನ ಮನೆಗೆ ಹೋಗಿ ಬಂದ್ರೆ ಎಂತ ಹೇಳ್ತೇವೆ? ಬೇಜಾರಾಯ್ತು ಅಂತ್ಲೇ ಅಲ್ವಾ? ಅವಳ ಗಂಡನ ಕಾಗದ ಬಾರದೆ ಏಳು ತಿಂಗಳಾಯ್ತು. ಊರಿನವರಿಗೆಲ್ಲ ಗಲ್ಫಿನ ಕಾಲ್ ಕೊಡ್ತಾಳೆ, ಅವಳಿಗೊಂದು ಕಾಲ್ ಇಲ್ಲ. ನಿಂಗೆ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷ ಅವಳ ಪಕ್ಕದಲ್ಲಿ ಕೂತು ನಾನು ಸಿನಿಮಾದವರ ಸಂಸಾರವನ್ನೆಲ್ಲ ವಿಚಾರಿಸಿದ್ದೆ, ಅವಳದನ್ನು ವಿಚಾರಿಸಿರಲಿಲ್ಲ.

ಮರುದಿನ ರಜೆ ಹಾಕಿ ಕಾಪುವಿನ ಬಸ್ಸು ಹತ್ತಿದೆ. ಬಸ್ಸಿನ ತುಂಬ ಮೀನಿನ ಬುಟ್ಟಿಗಳು. ವಾಸನೆಗೆ ಮೂಗು ಮುಚ್ಚಿಕೊಳ್ಳುವುದನ್ನೂ ಮರೆತಿದ್ದೆ. ಸ್ಟೆಲ್ಲಾಳಿಗೆ ಆ ದಿನ ವಾರದ ರಜೆ, ಮನೆಯ ಮುಂದೆ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ಅತ್ತೆ ಜಗಲಿಯಲ್ಲಿ ಕುಳಿತಿದ್ದರು. ಅವರಿಗೆ ಕನ್ನಡ ಬಾರದು. ಬೇಜಾರು ಎಂಬ ಮಾತನ್ನು ತಪ್ಪು ತಿಳಿದೆ, ತಪ್ಪಾಯಿತು ಎಂದು ಹೇಳಿ ವಾಪಸ್ಸು ಬರುವುದೆಂದು ದಾರಿಯುದ್ದಕ್ಕೂ ಪಾಠ ಮಾಡಿಕೊಂಡಿದ್ದೆ. ಅಷ್ಟನ್ನು ಹೇಳಿದೆ ಕೂಡ. ಸ್ಟೆಲ್ಲಾ ತಲೆ ಎತ್ತದೆ, “ಪರವಾಗಿಲ್ಲ ಬಿಡಿ” ಎಂದಳು. ಆ ‘ಬಿಡಿ’ ಕೇಳಿ ನನಗೆ ತಡೆಯಲಾಗಲಿಲ್ಲ, ಬಾಯಿಗೆ ಬಂದದ್ದು ಹೇಳಿಬಿಟ್ಟೆ.

“ಸ್ಟೆಲ್ಲಾ, ಅವತ್ತ ನಾ ಚ್ಯಾಷ್ಟಿಗೆ ಅಂದಿದ್ದು. ಅಂವ ಬಂದ. ಖರೇನ ಬಂದ.”

ಅವಳ ಕೈ ನಿಂತಿತು. “ಹೇಗೆ ಬಂದ?”

ಇನ್ನೇನು ಮಾಡುವುದು? ಕತೆ ಕಟ್ಟಿದೆ. ಕೊನೆಯ ದೋಣಿಯಲ್ಲಿ ಬರುತ್ತಾನೆ, ಬಡವಾಗಿದ್ದಾನೆ, ಗಡ್ಡ ಬಂದಿದೆ. ಕಡವಿನಲ್ಲಿ ಅವಳಿಗೇ ಗುರುತು ಸಿಗುವುದಿಲ್ಲ. ಕುಡಿಯಲು ನೀರು ಕೇಳುತ್ತಾನೆ, ದನಿ ಕೇಳಿ ಅವಳ ಕೈಯ ತಂಬಿಗೆ ಜಾರುತ್ತದೆ. ಕಾಯಿಲೆ ಬಿದ್ದಿದ್ದೆ, ಬರೆಯಲು ಆಗಲಿಲ್ಲ ಎನ್ನುತ್ತಾನೆ. ಜಗಲಿಯಿಂದ ಅತ್ತೆ ಕೊಂಕಣಿಯಲ್ಲಿ ಏನೋ ಕೇಳಿದರು. ಸ್ಟೆಲ್ಲಾ ಅವರ ಕಡೆ ತಿರುಗಿ, “ಆಯ್ಲೊ” ಎಂದಳು. ಬಂದ, ಎಂದು. ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅವರಿಗೆ ಅದು ಸಿನಿಮಾದ ಮಾತೆಂದು ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ತಪ್ಪೊಪ್ಪಿಕೊಳ್ಳಲು ಹೋದವಳು ಅದಕ್ಕಿಂತ ದೊಡ್ಡ ತಪ್ಪು ಮಾಡಿ ಬಸ್ಸು ಹತ್ತಿದ್ದೆ.

ಮುಂದಿನ ವಾರಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟೆಲ್ಲಾ ಮೊದಲಿನಂತೆ ನಗುತ್ತಿದ್ದಳು, ಅದು ಇನ್ನೂ ಹೆಚ್ಚು ಚುಚ್ಚುತ್ತಿತ್ತು. ಆ ಸಿನಿಮಾವನ್ನು ಉಡುಪಿಯಿಂದ ಎತ್ತಿದರೆಂದು ನಿಟ್ಟುಸಿರು ಬಿಟ್ಟೆ. ಆಮೇಲೆ ತಿಳಿಯಿತು, ಅದು ಕಾರ್ಕಳಕ್ಕೆ ಹೋಗಿದೆ. ಸ್ಟೆಲ್ಲಾಳ ತವರು ಕಾರ್ಕಳ. ಅಲ್ಲಿ ಅತ್ತೆ ಇಲ್ಲ, ಬಸ್ಸಿಗೆ ಓಡಬೇಕಾಗಿಲ್ಲ.

ಒಂದು ಸೋಮವಾರ ಅವಳು ಹೆಡ್‌ಸೆಟ್ಟು ಕಿವಿಗೆ ಸಿಕ್ಕಿಸುತ್ತ ಹೇಳಿದಳು: “ತಾಯಿ ಮನೆಗೆ ಹೋಗಿದ್ದೆ. ಆ ಪಿಕ್ಚರ್ ನೋಡಿದೆ. ಪೂರ್ತಿ.”

ನಾನು ಯಾರದೋ ಮಾತಿನ ನಡುವೆ ವಯರು ಕಿತ್ತುಬಿಟ್ಟೆ.

“ಅವ ಬರುವುದೇ ಇಲ್ಲ ಅಲ್ವಾ?”

“ಇಲ್ಲ,” ಎಂದೆ.

ನಾನು ಕಿತ್ತ ವಯರನ್ನು ಅವಳೇ ಮತ್ತೆ ಸಿಕ್ಕಿಸಿದಳು. “ಅವರದ್ದಕ್ಕಿಂತ ನೀನು ಹೇಳಿದ ಕೊನೆಯೇ ಲಾಯ್ಕ ಉಂಟು. ನಮ್ಮ ಅತ್ತೆಗೆ ಮಾತ್ರ ಇದನ್ನು ಹೇಳ್ಲಿಕ್ಕಿಲ್ಲ, ಆಯ್ತಾ?”

‘ನೀನು’ ಎಂದಿದ್ದಳು. ನಾನು ಅಲ್ಲಿಯೇ ಕೂತು ಅತ್ತುಬಿಟ್ಟೆ. ಇಲ್ಲಿಯವರ ಹಾಗೆ, ಸೆರಗು ಅಡ್ಡ ಹಿಡಿದು, ಸದ್ದಿಲ್ಲದೆ.

ಕಳೆದ ದೀಪಾವಳಿಗೆ ಗದಗಿಗೆ ಹೋದಾಗ ತಂಗಿ ಸಿನಿಮಾಕ್ಕೆ ಕರೆದುಕೊಂಡು ಹೋದಳು. ನಾಯಕಿ ಸಾಯುವ ದೃಶ್ಯದಲ್ಲಿ ಹಿಂದೆ ಯಾರೋ ಸೀಟಿ ಹೊಡೆದರು. ನಾನು ತಿರುಗಿ ದುರುಗುಟ್ಟಿ ನೋಡಿದೆ. “ಅಕ್ಕಾ, ನೀ ಪೂರಾ ಉಡುಪಿಯಾಕಿ ಆದಿ ಬಿಡು” ಎಂದು ತಂಗಿ ನಕ್ಕಳು. ಇಲ್ಲಿ ಜಲಜಕ್ಕ ಇನ್ನೂ ನನ್ನನ್ನು “ನಮ್ಮ ಗದಗಿನವಳು” ಎಂದೇ ಪರಿಚಯ ಮಾಡಿಸುತ್ತಾರೆ. ಅವರಿಬ್ಬರಲ್ಲಿ ಯಾರನ್ನು ತಿದ್ದಬೇಕೋ ನನಗೆ ತಿಳಿಯದು.

ಹೋದ ವಾರ ವರ್ಗಾವಣೆಯ ಆದೇಶ ಬಂತು. ಯಾವ ಅರ್ಜಿಗೆ ಬಂತೋ, ನನ್ನ ಊರಿಗೇ ಬಂತು. ಅಲ್ಲಿ ಅಣ್ಣ ಆಗಲೇ ಓಣಿಯ ತುಂಬ ಹೇಳಿದ್ದಾನಂತೆ. ಸ್ಟೆಲ್ಲಾಳಿಗೆ ಹೇಳಲು ನಾನು ಎರಡು ದಿನ ತೆಗೆದುಕೊಂಡೆ. ಅವಳ ಗಂಡನ ಸುದ್ದಿ ಈವರೆಗೂ ಇಲ್ಲ. ಅತ್ತೆ ಪ್ರತಿದಿನ ಅಂಚೆಯವನಿಗಾಗಿ ಜಗಲಿಯಲ್ಲಿ ಕೂರುತ್ತಾರಂತೆ.

“ಹೋಗು ಮಾರಾಯ್ತಿ. ನಿನ್ನ ಊರು ಅಲ್ವಾ? ಖುಷಿಯಲ್ಲಿ ಹೋಗು,” ಎಂದಳು. “ಕಾಗದ ಬರಿ.”

“ಬರೀತೇನೆ,” ಎಂದೆ.

“ಅವರೂ ಹಾಗೇ ಹೇಳಿ ಹೋದದ್ದು,” ಎಂದು ಸ್ಟೆಲ್ಲಾ ಬೋರ್ಡಿನ ಕಡೆ ತಿರುಗಿದಳು.

ಆದೇಶಕ್ಕೆ ಸಹಿ ಹಾಕಿ ಕೊಡಲು ಶುಕ್ರವಾರದವರೆಗೆ ಸಮಯವಿದೆ. ನಾನು ಇನ್ನೂ ಹಾಕಿಲ್ಲ.